ಓದುವವನ ಪಾಲು

ಮುಳ್ಳೇರಿಯ ಪೇಟೆಯ ನಡುರಸ್ತೆಗೆ ಇಳಿದು ಬೋಜ ತನ್ನ ಹರಿದ ಕೊಡೆಯನ್ನು ಅಡ್ಡ ಹಿಡಿದ ಕೂಡಲೇ ಕಾಸರಗೋಡು ಜಿಲ್ಲೆಯ ಬಸ್ಸುಗಳೆಲ್ಲ ಒಮ್ಮೆಗೇ ನಿಂತವು. ಒಂದೆರಡಲ್ಲ, ಎಲ್ಲ. ಬದಿಯಡ್ಕದಲ್ಲಿ ನಿಂತವು, ಎಣ್ಮಕಜೆಯ ಏರಿನಲ್ಲಿ ನಿಂತವು. ಮಧೂರಿನ ದೇವಸ್ಥಾನದೆದುರು ಅಪ್ಪದ ಪ್ರಸಾದ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದವರು ಒಂದು ಕಾಲು ಮೆಟ್ಟಿಲಲ್ಲಿ, ಒಂದು ಕಾಲು ನೆಲದಲ್ಲಿ ಇಟ್ಟುಕೊಂಡೇ ನಿಂತರು. ಮಧುವಾಹಿನಿ ಹೊಳೆಯೂ ಅರ್ಧ ಗಳಿಗೆ ಹರಿಯುವುದನ್ನು ಬಿಟ್ಟಿತ್ತು ಎನ್ನುವವರಿದ್ದಾರೆ. ಅದನ್ನು ಮಾತ್ರ ನಂಬಬೇಡಿ. ಹೊಳೆ ಪೂರ್ತಿ ನಿಂತಿರಲಿಲ್ಲ, ಸ್ವಲ್ಪ ನಿಧಾನ ಆಗಿತ್ತು ಅಷ್ಟೆ.

ಆ ದಾರಿಯಾಗಿ ಆಂಬುಲೆನ್ಸ್ ಬಂತು. ಒಳಗೆ ದೇವಕಿ ಟೀಚರ್ ಮಲಗಿದ್ದರು. ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತಿಯಾದವರು. ಬೀಡಿ ಕಟ್ಟಿದವರ, ಗೇರುತೋಟದಲ್ಲಿ ದುಡಿದವರ, ಬಾವಿಯ ನೀರಿಗೆ, ದೇವಸ್ಥಾನದ ಅಂಗಳಕ್ಕೆ, ಶಾಲೆಯ ಬೆಂಚಿಗೆ ಬಡಿದಾಡಿದವರ ಚರಿತ್ರೆ ಬರೆದವರು. ಶ್ವಾಸಕೋಶ ಕೈಕೊಟ್ಟು ಹಿಂದಿನ ಸಂಜೆ ಮಂಗಳೂರಿನಲ್ಲಿ ತೀರಿಕೊಂಡಿದ್ದರು.

ಆಂಬುಲೆನ್ಸಿನ ಮುಂದಿನ ಸೀಟಿನಿಂದ ಅವರ ಅಣ್ಣನ ಮಗ ಲತೀಶ ತಲೆ ಹೊರಗೆ ಹಾಕಿದ.

"ಅಜ್ಜ, ಬದಿಗೆ ಬನ್ನಿ. ಹಿಂದಿನ ಗಾಡಿಯವರು ಹಾರ್ನ್ ಹಾಕ್ತಿದ್ದಾರೆ."

"ಅದು ಗೌರವಕ್ಕೆ ಹಾಕುವುದು ಮಾರಾಯ," ಎಂದ ಬೋಜ.

"ಗೌರವ ಸಾಕು. ಹತ್ತಿ."

ಎಂಬತ್ತು ದಾಟಿದ ಬೋಜ ಹದಿನೆಂಟರವನ ಹಾಗೆ ಹಾರಿ ಆಂಬುಲೆನ್ಸಿನ ಹಿಂಬದಿಗೆ ಹತ್ತಿದ. ಲತೀಶ ಇಳಿದು ಬಂದು ಕೆಳಗಿನಿಂದ ಸ್ವಲ್ಪ ನೂಕಿದ್ದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಒಳಗೆ ಶವದ ಪಕ್ಕದಲ್ಲಿ ಕ್ಷಮಾ ಕುಳಿತಿದ್ದಳು. ಟೀಚರ ಕೊನೆಯ ವಿದ್ಯಾರ್ಥಿನಿ. ಟೀಚರ್ ಹಾಸಿಗೆ ಹಿಡಿದ ಮೇಲೆ ಅವರ ಮನೆಯಲ್ಲೇ ಇದ್ದು, ಅವರು ಹೇಳಿದ್ದನ್ನು ಟೈಪು ಮಾಡಿ ಪುಸ್ತಕವೊಂದನ್ನು ಮುಗಿಸುತ್ತ ಬಂದವಳು. ಅತ್ತು ಅವಳ ಮುಖ ಬಾತುಕೊಂಡಿತ್ತು, ಆದರೆ ಬೋಜನನ್ನು ನೋಡಿದ ಕಣ್ಣು ಒದ್ದೆಯಾಗಿರಲಿಲ್ಲ.

"ಪ್ರೆಸ್ಸಿನವರು ಪುಸ್ತಕ ಕೇಳ್ತಿದ್ದಾರೆ ಅಜ್ಜ," ಎಂದಳು. "ಕೊನೆಯ ಅಧ್ಯಾಯ ಬಿಟ್ಟು ಕೊಡಬೇಕಷ್ಟೆ."

"ಯಾವುದದು?"

"ನೀರಿನ ಕೊಡದ್ದು."

"ಅದನ್ನು ಬಿಡುವುದು ಎಂತಕ್ಕೆ? ನಾನು ಓದಿದ ಸುದ್ದಿಯಿಂದ ಒಂದು ಊರೇ ತಿರುಗಿ ಬಿದ್ದ ಕತೆ ಅದು."

"ಮೂಲ ಇಲ್ಲ. ಟೀಚರ್ ಹೇಳಿ ಹೋಗಿದ್ದಾರೆ, ಬೋಜಣ್ಣ ಹೇಳಿದರೆ ಹಾಕು, ಹೇಳದಿದ್ದರೆ ತೆಗೆ ಅಂತ."

"ನಾನು ನೂರು ಸಲ ಹೇಳಿದ್ದೇನಲ್ಲ."

"ಅದಲ್ಲ ಅಜ್ಜ," ಎಂದಳು ಕ್ಷಮಾ. ಆಮೇಲೆ ಬಿಳಿ ಬಟ್ಟೆ ಜಾರಿದ್ದ ಟೀಚರ ಪಾದವನ್ನು ಮುಚ್ಚಿದಳು. "ಆ ಅಧ್ಯಾಯ ತೆಗೆದರೆ ಅವರ ಅಪ್ಪನ ಹೆಸರು ಪುಸ್ತಕದಲ್ಲಿ ಎಲ್ಲಿಯೂ ಇರುವುದಿಲ್ಲ. ಅಷ್ಟು ಮಾತ್ರ ನಿಮಗೆ ಗೊತ್ತಿರಲಿ."

ಬೋಜ ಕಿಟಕಿಯಿಂದ ಹೊರಗೆ ನೋಡಿದ. ಆಂಬುಲೆನ್ಸಿನ ಕಿಟಕಿಗೆ ಬಣ್ಣ ಹಚ್ಚಿರುತ್ತಾರೆ, ಹೊರಗೆ ಏನೂ ಕಾಣುವುದಿಲ್ಲ.

*

ಬೀಡಿಯ ಶೆಡ್ಡು ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಅರವತ್ತರ ದಶಕದಲ್ಲಿ ಮುಳ್ಳೇರಿಯದ ಇಳಿಜಾರಿನಲ್ಲಿ ಮುಳಿಹುಲ್ಲಿನ ಮಾಡಿನ ಉದ್ದನೆಯ ಕೊಟ್ಟಗೆಯೊಂದಿತ್ತು. ಒಳಗೆ ಸಾಲಾಗಿ ಚಾಪೆ, ಚಾಪೆಯ ಮೇಲೆ ಜನ, ಅವರ ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೆಳಗಿನಿಂದ ಸಂಜೆಯವರೆಗೆ ಕೈಗೆ ಬಿಡುವಿಲ್ಲ, ಕಿವಿಗೆ ಪೂರ್ತಿ ಬಿಡುವು. ಆ ಕಿವಿಗಳಿಗಾಗಿ ಶೆಡ್ಡಿನಲ್ಲಿ ಒಬ್ಬ ಓದುವವನಿರುತ್ತಿದ್ದ. ಅವನು ಬೀಡಿ ಕಟ್ಟಬೇಕಾಗಿಲ್ಲ. ನಡುವೆ ಕುಳಿತು ಗಟ್ಟಿಯಾಗಿ ಪೇಪರು ಓದಿದರೆ ಸಾಕು; ಸಂಜೆ ಪ್ರತಿಯೊಬ್ಬರೂ ತಾವು ಕಟ್ಟಿದ್ದರಿಂದ ಐದೈದು ಬೀಡಿ ಅವನ ಮೊರಕ್ಕೆ ಹಾಕುತ್ತಿದ್ದರು. ಅದು ಓದುವವನ ಪಾಲು. ಧಣಿಯ ಲೆಕ್ಕದಲ್ಲಿ ಅವನೂ ದುಡಿದ ಹಾಗೆ.

ಬೋಜನಂಥ ಓದುವವನು ಮಂಜೇಶ್ವರದಿಂದ ತಿರುವನಂತಪುರದವರೆಗೆ ಇನ್ನೊಬ್ಬನಿರಲಿಲ್ಲ. ಅವನು ಯುದ್ಧದ ಸುದ್ದಿ ಓದಿದರೆ ಹೊಗೆಸೊಪ್ಪಿನಿಂದ ಮದ್ದುಗುಂಡಿನ ವಾಸನೆ ಬರುತ್ತಿತ್ತು. ನೆರೆಯ ಸುದ್ದಿ ಓದಿದರೆ ಹಿಂದಿನ ಸಾಲಿನವರು ಚಾಪೆ ಸುತ್ತಿಕೊಂಡು ಎದ್ದು ನಿಲ್ಲುತ್ತಿದ್ದರು. ಮೊದಲು ಮಂಗಳೂರಿನ ಕನ್ನಡ ಪೇಪರು ಬರುತ್ತಿತ್ತು. ಧಣಿಯ ಮೇಸ್ತ್ರಿ ಅದನ್ನು ನಿಲ್ಲಿಸಿದ. ಕೇಳುವವರ ತಲೆ ಕೆಡುತ್ತದಂತೆ. ಆಗ ಯೂನಿಯನ್ನಿನವರು ತೆಂಕಲಿನಿಂದ ಮಲಯಾಳ ಪೇಪರು ಕಳಿಸತೊಡಗಿದರು. ಶೆಡ್ಡಿನಲ್ಲಿ ಆ ಅಕ್ಷರ ಬಲ್ಲವರು ಯಾರೂ ಇಲ್ಲ. "ಮೂರು ತಿಂಗಳು ಕಣ್ಣೂರಿನಲ್ಲಿ ಇದ್ದವ ನಾನು," ಎಂದ ಬೋಜ. ಅಷ್ಟು ಸಾಕಾಯಿತು. ಮರುದಿನದಿಂದ ಮಲಯಾಳ ಪೇಪರನ್ನು ಮುಖದೆದುರು ಹಿಡಿದು ನೇರ ತುಳುವಿನಲ್ಲಿ ಓದತೊಡಗಿದ. ಒಂದೇ ಒಂದು ಶಬ್ದಕ್ಕೂ ತಡವರಿಸಿದವನಲ್ಲ. ಪೇಪರಿನಲ್ಲಿ ಚಿತ್ರ ಹೆಚ್ಚು ಇದ್ದ ದಿನ ಓದು ಇನ್ನೂ ಚೆನ್ನಾಗಿ ಓಡುತ್ತಿತ್ತು.

ಶೆಡ್ಡಿನ ಮೂಲೆಯಲ್ಲಿ ನೀರಿನ ಕೊಡ ಇತ್ತು. ಎಲ್ಲರೂ ಅದರಿಂದ ಕುಡಿಯುತ್ತಿದ್ದರು, ಚೋಮನೊಬ್ಬನನ್ನು ಬಿಟ್ಟು. ದಲಿತರ ಕಾಲನಿಯಿಂದ ಎಲೆ ಕತ್ತರಿಸುವ ಕೆಲಸಕ್ಕೆ ಬಂದ ಮೊದಲಿಗ ಅವನು. ಅವನ ಚಾಪೆ ಮಾಡಿನ ಹೊರಗೆ, ಹನಿ ಬೀಳುವಲ್ಲಿ. ಬಾಯಾರಿದರೆ ಮೆಟ್ಟಿಲ ಕೆಳಗೆ ಕುಕ್ಕರಿಸಿ ಬೊಗಸೆ ಒಡ್ಡುತ್ತಿದ್ದ. ನೂಲು ಸುತ್ತುವ ಚಿಕ್ಕ ಹುಡುಗಿ ಲೋಲಾಕ್ಷಿ ಚಿಪ್ಪಿನ ಸೌಟಿನಿಂದ ಮೇಲಿನಿಂದಲೇ ನೀರು ಬಿಡುತ್ತಿದ್ದಳು. ಅರ್ಧ ಬಾಯಿಗೆ, ಅರ್ಧ ಮೊಣಕೈಯಾಗಿ ನೆಲಕ್ಕೆ.

ಬೇಸಿಗೆಯ ಒಂದು ಬೆಳಿಗ್ಗೆ ಬಂದ ಪೇಪರಿನಲ್ಲಿ ದೊಡ್ಡ ಚಿತ್ರವೊಂದಿತ್ತು. ಬೋಜ ಅದನ್ನು ನೋಡಿದ, ಹೊರಗೆ ಬೊಗಸೆ ಒಡ್ಡಿ ಕುಳಿತಿದ್ದ ಚೋಮನನ್ನು ನೋಡಿದ, ಓದಿದ: ಆಲಪ್ಪುಳದಲ್ಲಿ ತೆಂಗಿನ ನಾರಿನ ಕೆಲಸದವರೆಲ್ಲ ಒಂದೇ ಕೊಡದಿಂದ ನೀರು ಕುಡಿಯುತ್ತಿದ್ದಾರೆ. ಸರಕಾರ ಕಾನೂನು ಮಾಡಿದೆ. ಒಂದು ಶೆಡ್ಡಿಗೆ ಒಂದೇ ಕೊಡ, ಎಲ್ಲರಿಗೂ ಒಂದೇ ಲೋಟ. ಬೇಡ ಎಂದ ಧಣಿಯ ಶೆಡ್ಡು ಅದೇ ದಿನ ಕೆಲಸದವರ ಪಾಲಿಗೆ.

ಕತ್ತರಿಗಳ ಸದ್ದು ನಿಂತಿತು. ಯಾರೋ ಹೇಳಿದರು, "ಚಿತ್ರ ತೋರಿಸು." ಬೋಜ ಪೇಪರು ತಿರುಗಿಸಿ ಹಿಡಿದ. ಹೌದು, ಕೊಡ ಇತ್ತು. ಸುತ್ತ ಜನ ಇದ್ದರು.

ಲೋಲಾಕ್ಷಿ ಸೌಟು ಕೆಳಗಿಟ್ಟಳು. ಚೋಮ ಎದ್ದು, ಮೆಟ್ಟಿಲು ಹತ್ತಿ, ಒಳಗೆ ಬಂದು ಲೋಟವನ್ನು ಕೊಡಕ್ಕೆ ಅದ್ದಿ ಕುಡಿದ. ಆ ದಿನ ಅವನು ಕುಡಿದ ನೀರಿಗೆ ಕೊಡ ಬರಿದಾಯಿತು, ಬಾವಿ ಬರಿದಾಯಿತು, ಹೊಳೆಯಿಂದ ತರಬೇಕಾಯಿತು.

ಧಣಿ ಒಂದು ವಾರ ಸುಮ್ಮನಿದ್ದ. ಆಮೇಲೆ ಶೆಡ್ಡಿಗೆ ಬೀಗ ಹಾಕಿದ. ಕಾನೂನು ಉಂಟಲ್ಲ ಎಂಬ ಧೈರ್ಯದಲ್ಲಿ ಜನ ಬಾಗಿಲೆದುರು ಚಾಪೆ ಹಾಸಿ ಕುಳಿತರು. ಬೋಜ ಅಲ್ಲಿಯೂ ದಿನಾ ಓದಿದ: ಕಾನೂನು ತಿರುವನಂತಪುರದಿಂದ ಹೊರಟಿದೆ, ಕಾನೂನು ಕೋಝಿಕ್ಕೋಡಿಗೆ ಬಂದಿದೆ, ಇನ್ನೇನು ಚಂದ್ರಗಿರಿ ಹೊಳೆ ದಾಟಬೇಕು. ಮಳೆ ಬಂತು, ಕಾನೂನು ಬರಲಿಲ್ಲ. ಉಳಿದವರು ಬೇರೆ ಧಣಿಗಳಿಂದ ಎಲೆ ತಂದು ಮನೆಯಲ್ಲೇ ಕಟ್ಟತೊಡಗಿದರು. ಚೋಮನಿಗೆ ಎಲೆ ಕೊಡುವ ಧಣಿ ಸಿಗಲಿಲ್ಲ. ಅಲ್ಲಿ ಇಲ್ಲಿ ಕೂಲಿ ಮಾಡಿ, ಕೊನೆಗೆ ಗೇರುತೋಟವೊಂದರಲ್ಲಿ ಡ್ರಮ್ಮಿನೊಳಗೆ ಕೈ ಅದ್ದಿ ಕೀಟಕ್ಕೆ ಹೊಡೆಯುವ ಮದ್ದು ಕಲಸುವ ಕೆಲಸಕ್ಕೆ ಸೇರಿದ. ಸಾಯುವ ಹೊತ್ತಿಗೆ ಅವನ ಕೈಯ ಚರ್ಮ ಎಲೆಯ ಹಾಗೆ ಸುಲಿದು ಬರುತ್ತಿತ್ತು; ಬಾಯಿಗೆ ನೀರು ಬಿಟ್ಟರೆ ಗಂಟಲಲ್ಲಿ ನಿಲ್ಲುತ್ತಿರಲಿಲ್ಲ.

ಆದರೂ ಮಗಳು ದೇವಕಿಗೆ ಅವನು ಹೇಳಿದ್ದು ಒಂದೇ. "ನಾನು ಒಳಗೆ ಹೋಗಿ ಕುಡಿದಿದ್ದೇನೆ ಮಗಾ. ಪೇಪರಿನಲ್ಲಿ ಬಂದಿತ್ತು. ಬೋಜಣ್ಣ ಓದಿದ್ದಾರೆ."

*

ಶವವನ್ನು ಕಾಲನಿಯ ಮನೆಯ ಅಂಗಳದಲ್ಲಿ ಇಳಿಸಿದಾಗ ಹತ್ತು ಸಾವಿರ ಜನ ಸೇರಿದ್ದರು. ಬೋಜ ಅಂಗಳದ ಬದಿಯಲ್ಲಿ ಕುಳಿತಿದ್ದ ಲೋಲಾಕ್ಷಿಗೆ ಹಾಗೆಂದು ಹೇಳಿದ ಕೂಡ. ಲೋಲಾಕ್ಷಿಗೆ ಈಗ ಬೆನ್ನು ಬಾಗಿದೆ, ಬೆರಳುಗಳು ಮಾತ್ರ ಸುಮ್ಮನಿರುವುದಿಲ್ಲ. ಮಾತಾಡುವಾಗಲೂ ಸೀರೆಯ ಸೆರಗನ್ನು ಬೀಡಿಯ ಹಾಗೆ ಸುರುಳಿ ಸುತ್ತುತ್ತಿರುತ್ತಾಳೆ.

"ಕುರ್ಚಿ ತಂದದ್ದು ಐವತ್ತು," ಎಂದಳು ಅವಳು. "ಅದರಲ್ಲಿ ಅರ್ಧ ಖಾಲಿ ಉಂಟು. ನಿನಗೆ ಕಣ್ಣಿಗೆ ಎಂತಾಗಿದೆ ಬೋಜಾ?"

"ಕನ್ನಡಕ ಜೇಬಿನಲ್ಲಿ ಉಂಟು."

"ಜೇಬಿಗೆ ಕಾಣುದಾ ಮತ್ತೆ?"

ಯೂನಿಯನ್ನಿನವರು ತಂದ ಹೂವಿನ ಚಕ್ರವನ್ನು ಎದೆಯ ಮೇಲಿಟ್ಟರು. ಅದು ಜಾರುತ್ತಿತ್ತು. ಅಷ್ಟು ಸಪೂರ ಆಗಿದ್ದರು ಟೀಚರ್. ಕಾಲೇಜಿನಲ್ಲಿ ಜೊತೆಗಿದ್ದ ಕನ್ನಡ ಮಾಸ್ತರ್ ಈಶ್ವರಪ್ರಸಾದರು ಅದನ್ನು ಎರಡು ಸಲ ಸರಿಮಾಡಿ, ಮೂರನೆಯ ಸಲ ಕೈಯಲ್ಲೇ ಹಿಡಿದುಕೊಂಡು ನಿಂತರು.

"ಶಾಸ್ತ್ರ ಎಂತಾದರೂ ಉಂಟಾ?" ಎಂದು ಕೇಳಿದರು.

"ಬೇಡ ಹೇಳಿದ್ದಾರೆ ಸಾರ್," ಎಂದ ಲತೀಶ. "ಅಪ್ಪನ ಬದಿಯಲ್ಲಿ ಹೂಳಿ, ಅಷ್ಟೇ ಅಂತ."

ಅಪ್ಪನ ಬದಿ ಸುಲಭದ್ದಲ್ಲ. ಕಾಲನಿಗೆ ಹೂಳಲಿಕ್ಕೆ ಇರುವುದು ಮನೆಗಳ ಹಿಂದಿನ ತುಂಡು ಪದವು, ಬೋಳು ಗುಡ್ಡದ ನೆಲ. ತಲೆಮಾರುಗಳು ಅಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡೇ ಮಲಗಿವೆ. ಕೆಳಗೆ ಮುರಕಲ್ಲು, ಗಟ್ಟಿ ಕೆಂಪು ಕಲ್ಲು. ಬೆಳಗಿನಿಂದ ಪಿಕ್ಕಾಸಿನಲ್ಲಿ ಕಡಿದ ಗುಂಡಿಗೆ ದೇಹವನ್ನು ಇಳಿಸುವಾಗ ಅದು ಉದ್ದಕ್ಕೆ ಸಾಲಲಿಲ್ಲ. ಪುನಃ ಮೇಲೆತ್ತಿದರು. ಹುಡುಗರು ಅಂಗಿ ಬಿಚ್ಚಿ ಕಡಿಯತೊಡಗಿದರು. ಟೀಚರ್ ಬಿಸಿಲಿನಲ್ಲಿ ಚಾಪೆಯ ಮೇಲೆ ಕಾದರು. ಒಂದು ಕಡೆ ಕಲ್ಲು ಒಡೆದು ಪಕ್ಕದ ಗುಂಡಿಯ ಮೆದು ಮಣ್ಣು ಕುಸಿದಾಗ ಲತೀಶ ಪಿಕ್ಕಾಸು ನಿಲ್ಲಿಸಿದ.

"ಅದು ಚೋಮಜ್ಜನದ್ದು."

"ಸಾಕು ಹಾಗಾದರೆ," ಎಂದಳು ಲೋಲಾಕ್ಷಿ. "ಮುಟ್ಟಿತಲ್ಲ."

ಕ್ಷಮಾ ಒಂದು ಹಿಡಿ ಮಣ್ಣು ಹಾಕಿ ಬೋಜನ ಕಡೆ ನೋಡಿದಳು. ಬೋಜ ಎರಡು ಹಿಡಿ ಹಾಕಿದ. ಮುರಕಲ್ಲಿನ ಹರಳು ಬಟ್ಟೆಯ ಮೇಲೆ ಬಿದ್ದು ಮೆಲ್ಲಗೆ ಸದ್ದಾಯಿತು.

*

ದೇವಕಿ ಚರಿತ್ರೆ ಓದಲು ಹೋದದ್ದು ಒಂದು ಪೇಪರಿಗಾಗಿ. ಮೈಸೂರಿನಲ್ಲಿ ಎಂ.ಎ. ಮಾಡಿದಾಗ ಹಾಸ್ಟೆಲಿನವರು ಕೇಳಿದ್ದಕ್ಕೆ ಹಾಗೆಯೇ ಹೇಳಿದ್ದಳಂತೆ, ಅವರೆಲ್ಲ ನಕ್ಕಿದ್ದರಂತೆ. ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಮೇಲೂ ಅವಳದ್ದು ಅದೇ ಹುಡುಕಾಟ. ವಾರವೆಲ್ಲ ಮಕ್ಕಳಿಗೆ ಫ್ರಾನ್ಸಿನ ಕ್ರಾಂತಿ ಕಲಿಸುವುದು, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮುದುಕ ಮುದುಕಿಯರ ಮನೆಗಳಿಗೆ ಹೋಗುವುದು.

ಅವಳ ಕ್ರಮವೇ ಬೇರೆ. ಹೋದಲ್ಲಿ ಅವರು ಬೀಡಿ ಕಟ್ಟುತ್ತಿದ್ದರೆ ಇವಳೂ ಒಂದು ಮೊರ ತೆಗೆದುಕೊಂಡು ಎಲೆ ಕತ್ತರಿಸುತ್ತಿದ್ದಳು. ಗೇರುಬೀಜ ಸುಲಿಯುತ್ತಿದ್ದರೆ ಇವಳೂ ಬೆರಳು ಸುಟ್ಟುಕೊಂಡು ಸುಲಿಯುತ್ತಿದ್ದಳು. "ಕೈ ಕೆಲಸದಲ್ಲಿದ್ದರೆ ಬಾಯಿಗೆ ಸುಳ್ಳು ಕಟ್ಟಲಿಕ್ಕೆ ಪುರುಸೊತ್ತು ಸಿಗುವುದಿಲ್ಲ," ಎನ್ನುತ್ತಿದ್ದಳು. ರೆಕಾರ್ಡರಿನ ಗುಂಡಿ ಒತ್ತಿ ಮೊದಲು ಹೇಳುವ ಮಾತು ಎಲ್ಲರಿಗೂ ಒಂದೇ: "ಮೊದಲು ಹೆಸರು ಹೇಳಿ. ಆಮೇಲೆ ಗೊತ್ತಿದ್ದದ್ದು ಮಾತ್ರ."

ಹಾಗೆ ಎರಡು ಪುಸ್ತಕ ಬಂದವು. ಗೇರುತೋಟದವರ ಪುಸ್ತಕ ಬಂದಾಗ ಕೆಲವರು ಅವಳನ್ನು ವೇದಿಕೆಗೆ ಕರೆದರು, ಕೆಲವರು ವೇದಿಕೆಯಿಂದ ಇಳಿಸಿದರು. ಅವಳು ಎರಡಕ್ಕೂ ಅದೇ ಹತ್ತಿಯ ಸೀರೆ ಉಟ್ಟು ಹೋದಳು. ಮದುವೆ ಆಗಲಿಲ್ಲ. ಕೇಳಲು ಬಂದವರ ಹತ್ತಿರ ಅವರ ಅಜ್ಜಿ ಯಾವ ಕೆಲಸ ಮಾಡುತ್ತಿದ್ದರು ಎಂದು ವಿಚಾರಿಸುತ್ತಿದ್ದಳಂತೆ. ಬಂದವರು ಪುನಃ ಬರುತ್ತಿರಲಿಲ್ಲ.

ಮೂರನೆಯ ಪುಸ್ತಕ ಶೆಡ್ಡಿನದ್ದು. ಅದಕ್ಕಾಗಿ ಅವಳು ಮೊದಲ ಸಲ ಬೋಜನ ಮನೆಗೆ ಬಂದಾಗ ಬೋಜ ಕೊಡದ ಕತೆಯನ್ನು ಸಂಜೆಯವರೆಗೆ ಹೇಳಿದ. ಎರಡನೆಯ ಸಲ ಆಲಪ್ಪುಳದ ಜೊತೆ ಕೊಲ್ಲಂ ಸೇರಿಕೊಂಡಿತು. ಮೂರನೆಯ ಸಲ ದಿಲ್ಲಿಯಿಂದ ಒಬ್ಬ ಮಂತ್ರಿಯೂ ಬಂದ. ದೇವಕಿ ಬೋಜನಿಗೂ ಒಂದು ಮೊರ ಎಲೆ ಕೊಟ್ಟು ನೋಡಿದಳು. ಬೋಜನ ಕೈ ಕೆಲಸ ಕಲಿತದ್ದೇ ಅಲ್ಲ, ಬಾಯಿಗೆ ಯಾವಾಗಲೂ ಪುರುಸೊತ್ತು.

ಅನಂತರ ಬಹಳ ವರ್ಷ ಅವಳು ಆ ಪೇಪರು ಹುಡುಕಿದಳು. ರಜೆ ಸಿಕ್ಕಿದಾಗಲೆಲ್ಲ ಕೋಝಿಕ್ಕೋಡು, ತಿರುವನಂತಪುರ. ಹಳೆಯ ಪೇಪರಿನ ಧೂಳಿಗೋ, ಎಳೆಯ ಪ್ರಾಯದಲ್ಲಿ ಅಪ್ಪನ ಅಂಗಿಯಿಂದ ತೋಟದ ಮದ್ದು ಉಸಿರಾಡಿದ್ದಕ್ಕೋ, ದಮ್ಮು ಶುರುವಾಯಿತು.

ಒಂದು ಸಂಜೆ ಅವಳು ಬಂದು ಬೋಜನೆದುರು ಒಂದು ಜೆರಾಕ್ಸ್ ಹಾಳೆ ಇಟ್ಟಳು. ಬೋಜ ಅದನ್ನು ನೋಡಿದ. ಅದೇ ಚಿತ್ರ. ಕೊಡ, ಹಗ್ಗ, ಸುತ್ತ ಜನ. ಚಿತ್ರದ ಕೆಳಗೆ ನಾಲ್ಕು ಸಾಲು.

"ಬೋಜಣ್ಣ, ಇದನ್ನೊಮ್ಮೆ ಓದಿ ಹೇಳಿ," ಎಂದಳು. ಅವಳ ಸ್ವರದಲ್ಲಿ ಗೇಲಿ ಇರಲಿಲ್ಲ.

"ಕನ್ನಡಕ ಇಲ್ಲ ಮಗಾ."

"ತೊಂದರೆ ಇಲ್ಲ. ಇನ್ನೊಮ್ಮೆ ಬರುತ್ತೇನೆ."

ಇನ್ನೊಮ್ಮೆ ಬಂದಾಗಲೂ ಕನ್ನಡಕ ಇರಲಿಲ್ಲ. ಅದರ ಮುಂದಿನ ಸಲ ಬೆಕ್ಕು ಒಡೆದಿತ್ತು. ಆಮೇಲೆ ಬಂದಾಗ ದೇವಕಿ ಹೊಸ ಕನ್ನಡಕವನ್ನೇ ತಂದಿದ್ದಳು, ಚಂದದ ಪೆಟ್ಟಿಗೆಯಲ್ಲಿ. ಬೋಜನ ಕೈಯಲ್ಲಿಟ್ಟು, "ನೀವು ಯಾವಾಗ ಹೇಳ್ತೀರೋ ಆಗ," ಎಂದಳು. "ಹಾಳೆಯಲ್ಲಿ ಎಂತ ಉಂಟು ಅಂತ ನನಗೆ ಗೊತ್ತುಂಟು. ನಾನೇ ಬರೆದುಬಿಡಬಹುದು. ಆದರೆ ಆ ದಿನ ಶೆಡ್ಡಿನಲ್ಲಿ ಓದಿದ್ದು ಈ ಹಾಳೆ ಅಲ್ಲ, ನೀವು. ಹಾಗಾಗಿ ನೀವೇ ಹೇಳಬೇಕು." ಗೇಟಿನವರೆಗೆ ಹೋಗಿ, ಉಸಿರಿಗಾಗಿ ಕಂಬ ಹಿಡಿದು ನಿಂತು, ತಿರುಗಿ ನೋಡಿದಳು. "ಅಪ್ಪನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ," ಎಂದಳು.

ಅದು ಅವಳು ಬೋಜನ ಮನೆಗೆ ಬಂದ ಕೊನೆಯ ಸಲ. ಕನ್ನಡಕ ಅಂದಿನಿಂದ ಜೇಬಿನಲ್ಲೇ ಉಂಟು.

*

ಮಣ್ಣು ಮುಚ್ಚಿ ಬಂದವರು ಅಂಗಳದಲ್ಲಿ ಕೈಕಾಲು ತೊಳೆದು ಕುಳಿತರು. ಸ್ಟೀಲಿನ ಲೋಟಗಳಲ್ಲಿ ಜೀರಿಗೆ ನೀರು ಬಂತು. ಸಂತಾಪ ಸಭೆಗೆ ಈಶ್ವರಪ್ರಸಾದರೇ ಅಧ್ಯಕ್ಷರು. ಅವರು ಎರಡು ಮಾತು ಎಂದು ಎದ್ದು ಒಂದು ಮಾತಿಗೇ ಕುಳಿತುಬಿಟ್ಟರು. "ಬೋಜಣ್ಣ ಆ ಕೊಡದ ಕತೆ ಹೇಳಲಿ," ಎಂದರು ಕೂತಲ್ಲಿಂದಲೇ. "ದೇವಕಿ ಹುಟ್ಟಿದ್ದೇ ಅದರಿಂದ ಅಂತ ನನಗೆ ಕಾಣುವುದು."

ಕ್ಷಮಾ ಫೋನನ್ನು ರೆಕಾರ್ಡಿಗೆ ಹಾಕಿ ಸ್ಟೂಲಿನ ಮೇಲಿಟ್ಟಳು.

ಅಷ್ಟರಲ್ಲಿ ಲತೀಶ ಪೇಟೆಯಿಂದ ತರಿಸಿದ ಮಲಯಾಳ ಪೇಪರು ಹಿಡಿದುಕೊಂಡು ಬಂದ. "ಅತ್ತೆಯದ್ದು ಬಂದಿದೆ. ಮೊದಲು ಇದನ್ನು ಓದಿ ಅಜ್ಜ. ಲೋಲಾಕ್ಷಿ ದೊಡ್ಡಮ್ಮನಿಗೆ ತುಳುವಿನಲ್ಲಿ ಹೇಳಿ, ಶೆಡ್ಡಿನಲ್ಲಿ ಓದಿದ ಹಾಗೆ. ಅತ್ತೆಗೆ ಅದು ಇಷ್ಟ ಆಗ್ತಿತ್ತು."

ಬೋಜ ಪೇಪರು ತೆಗೆದುಕೊಂಡ. ಮರಣದ ಪುಟ. ಸಾಲು ಸಾಲು ಚಿತ್ರ, ಒಂದೊಂದೂ ಅಂಚೆಚೀಟಿಯಷ್ಟು. ನೆರೆತ ಕೂದಲಿನ ಹೆಂಗಸೊಬ್ಬಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎದೆ ಉಬ್ಬಿಸಿ, ಅರವತ್ತು ವರ್ಷದ ಹಿಂದಿನ ಅದೇ ಸ್ವರದಲ್ಲಿ ತೊಡಗಿದ: ನಾಡಿನ ಹಿರಿಯ ಚರಿತ್ರೆಕಾರ್ತಿ ದೇವಕಿಯವರು ಅಗಲಿದ್ದಾರೆ. ಜಿಲ್ಲೆಯ ಶಾಲೆ ಕಾಲೇಜುಗಳಿಗೆಲ್ಲ ರಜೆ. ತಿರುವನಂತಪುರದಲ್ಲಿ ಧ್ವಜ ಅರ್ಧಕ್ಕೆ ಇಳಿದಿದೆ. ಅವರ ತಂದೆ ಚೋಮರ ಹೆಸರಿನಲ್ಲಿ ಊರೂರಿಗೆ ಒಂದು ಬಾವಿ ತೆಗೆಯಲು ಸರಕಾರ ಹೊಸ ಕಾನೂನು...

ಲತೀಶ ತಲೆ ತಗ್ಗಿಸಿದ. ಅವನಿಗೆ ಮಲಯಾಳ ಬರುತ್ತದೆ. ಈಶ್ವರಪ್ರಸಾದರಿಗೂ ಬರುತ್ತದೆ, ಅವರು ಲೋಟದೊಳಗೆ ನೋಡತೊಡಗಿದರು.

"ಬೋಜಾ, ನಿಲ್ಲಿಸು," ಎಂದಳು ಲೋಲಾಕ್ಷಿ.

ಅವಳು ಎದ್ದು ಬಂದು ಪೇಪರಿನ ಮೇಲೆ ಬಗ್ಗಿದ್ದಳು. ಅವಳಿಗೆ ಯಾವ ಅಕ್ಷರವೂ ಬರುವುದಿಲ್ಲ, ಕನ್ನಡದ್ದೂ.

"ಇದು ದೇವಕಿ ಅಲ್ಲ."

"ಅವಳೇ. ಹಳೆಯ ಪಟ."

"ಈ ಹೆಂಗಸಿಗೆ ಮೂಗುತಿ ಉಂಟು. ದೇವಕಿ ಮೂಗು ಚುಚ್ಚಿಸಿಯೇ ಇಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಒಳ್ಳೆಯದಿತ್ತು. "ಅತ್ತೆಯದ್ದು ಕೆಳಗಿನ ಸಾಲಿನಲ್ಲಿ ಅಜ್ಜ," ಎಂದ ಲತೀಶ, ಮಗುವಿಗೆ ಹೇಳಿದ ಹಾಗೆ.

ಬೋಜ ಜೇಬಿನಿಂದ ಪೆಟ್ಟಿಗೆ ತೆಗೆದ, ಕನ್ನಡಕ ಹಾಕಿಕೊಂಡ. ಅಂಗಳ ಒಮ್ಮೆಗೇ ಹತ್ತಿರ ಬಂತು. ಖಾಲಿ ಕುರ್ಚಿಗಳು ಕಂಡವು. ಕೆಳಗಿನ ಸಾಲಿನಲ್ಲಿ ದೇವಕಿ ಕಂಡಳು, ಗೇಟಿನ ಕಂಬ ಹಿಡಿದು ತಿರುಗಿ ನೋಡಿದ ಅದೇ ಮುಖ. ಅದರ ಕೆಳಗೆ ಎರಡು ಸಾಲು. ಅಕ್ಷರಗಳು ದುಂಡಗೆ, ಒಂದರ ಬಾಲ ಇನ್ನೊಂದು ಹಿಡಿದುಕೊಂಡು, ಸ್ಪಷ್ಟವಾಗಿ ನಿಂತಿದ್ದವು. ಒಂದೂ ಮಾತಾಡಲಿಲ್ಲ.

"ಎಂತ ಬರೆದಿದ್ದಾರೆ?" ಎಂದು ಕೇಳಿದಳು ಲೋಲಾಕ್ಷಿ.

ಕ್ಷಮಾ ಫೋನನ್ನು ಸ್ವಲ್ಪ ಮುಂದಕ್ಕೆ ದೂಡಿದಳು. "ಮೊದಲು ಹೆಸರು ಹೇಳಿ," ಎಂದಳು. "ಆಮೇಲೆ ಗೊತ್ತಿದ್ದದ್ದು ಮಾತ್ರ."

ಬೋಜ ಗಂಟಲು ಸರಿಮಾಡಿಕೊಂಡ.

ಬೋಜ ಬೋಜ ಎಂದು ಇನ್ನೆಷ್ಟು ಹೊತ್ತು ಹೇಳಲಿ. ಜೀವಮಾನವಿಡೀ ಬೇರೆಯವರ ಸುದ್ದಿ ಓದಿದವನು ತನ್ನದನ್ನೂ ಬೇರೆಯವರದ್ದರ ಹಾಗೆ ಓದಿಬಿಡುತ್ತಾನೆ.

"ನನ್ನ ಹೆಸರು ಬೋಜ," ಎಂದೆ. "ನನಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ. ಕಣ್ಣೂರಿಗೆ ನಾನು ಹೋದದ್ದು ಒಂದು ಮದುವೆಗೆ, ಸಂಜೆಯ ರೈಲಿಗೆ ಹಿಂದೆ ಬಂದೆ. ಚಿತ್ರದಲ್ಲಿ ಕೊಡ ಇತ್ತು. ಉಳಿದದ್ದನ್ನು ನಾನು ಕಟ್ಟಿದೆ. ಕಾನೂನು ಕೂಡ ನಾನೇ ಕಟ್ಟಿದ್ದು. ಶೆಡ್ಡಿಗೆ ಬೀಗ ಬಿದ್ದ ಮೇಲೂ ಕಟ್ಟಿದೆ, ಯಾಕೆಂದರೆ ಬಿಡಲಿಕ್ಕೆ ಆಗಲಿಲ್ಲ."

"ಚೋಮಜ್ಜನದ್ದು?" ಎಂದು ಕೇಳಿದಳು ಕ್ಷಮಾ.

"ಅದು ನಿಜ. ಚೋಮ ಮೆಟ್ಟಿಲು ಹತ್ತಿ ಒಳಗೆ ಬಂದು ಲೋಟ ಅದ್ದಿ ಕುಡಿದ. ಕೊಡ ಬರಿದಾಗಲಿಲ್ಲ, ಬಾವಿಯೂ ಬರಿದಾಗಲಿಲ್ಲ. ಒಂದೇ ಲೋಟ ಕುಡಿದ. ನಾನು ನೋಡಿದ್ದೇನೆ."

ಲೋಲಾಕ್ಷಿಯ ಬೆರಳು ಸೆರಗಿನಲ್ಲಿ ನಿಂತಿತು. "ಹಾಗಾದರೆ ಆ ದಿನ ಪೇಪರಿನಲ್ಲಿ ಎಂತ ಇತ್ತು?"

ಕ್ಷಮಾ ಹೇಳಿದಳು. "ತೋಟದ ಕೆಲಸದವಳೊಬ್ಬಳು ನೀರು ಸೇದುವಾಗ ಬಾವಿಗೆ ಬಿದ್ದು ಸತ್ತದ್ದು. ಹೆಣ ಮೇಲೆತ್ತುವ ಮೊದಲು ತೆಗೆದ ಪಟ. ಕೊಡ ಅವಳದ್ದು."

ಫೋನು ಓಡುತ್ತಿತ್ತು. ಇನ್ನೂ ಹೇಳಬೇಕಿತ್ತು ನನಗೆ: ಬಸ್ಸುಗಳು ನಿಂತಿರಲಿಲ್ಲ, ನಿಂತದ್ದು ಒಂದೇ, ಅದರ ಸ್ಟಾಪು ಅಲ್ಲಿಯೇ. ನಾಲಗೆ ಅಂಗುಳಿಗೆ ಅಂಟಿಕೊಂಡಿತು. "ಸ್ವಲ್ಪ ನೀರು," ಎಂದೆ.

ಲತೀಶ ಲೋಟ ತರಲು ಎದ್ದ. ಲೋಲಾಕ್ಷಿ ಅವನ ಭುಜ ಒತ್ತಿ ಕೂರಿಸಿದಳು. ಒಂದೊಂದೇ ಮೆಟ್ಟಿಲು ಹತ್ತಿ ಜಗಲಿಗೆ ಹೋಗಿ, ಪಾತ್ರೆಯಿಂದ ಸೌಟು ತುಂಬಿಕೊಂಡು ಮೇಲಿನ ಮೆಟ್ಟಿಲಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ಲೋಟ ಇರಲಿಲ್ಲ. ಸೌಟನ್ನು ಎತ್ತರಕ್ಕೆ ಹಿಡಿದು ಕಾದಳು.

ನಾನು ಕುರ್ಚಿಯಿಂದ ಇಳಿದೆ. ಮೆಟ್ಟಿಲ ಕೆಳಗೆ ಕುಕ್ಕರಿಸಿ ಬೊಗಸೆ ಒಡ್ಡಿದೆ. ಅವಳು ಮೇಲಿನಿಂದ ನೀರು ಬಿಟ್ಟಳು. ಅರ್ಧ ಬಾಯಿಗೆ ಬಂತು, ಅರ್ಧ ಮೊಣಕೈಯಾಗಿ ಇಳಿದು ಅಂಗಳದ ಕೆಂಪು ಮಣ್ಣಿಗೆ ಬಿತ್ತು.